ಸಡಿಲಿಸಿದ ಬಿರಡೆ, ಬೆರಳು ಒತ್ತದ ಮಂದ್ರ

ಮನೆಯಲ್ಲಿ ಗಿಟಾರ್ ಇರುವವರು ಮುಂದೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ ನೋಡಬಹುದು. ಎಲ್ಲಕ್ಕಿಂತ ದಪ್ಪನಾದ ಆರನೆಯ ತಂತಿ, ಅದರ ಪಕ್ಕದ ಐದನೆಯದು ಮತ್ತು ಎಲ್ಲಕ್ಕಿಂತ ತೆಳುವಾದ ಮೊದಲನೆಯದು, ಈ ಮೂರರ ಬಿರಡೆಗಳನ್ನು ತಿರುಗಿಸಿ ಒಂದೊಂದನ್ನೂ ಎರಡು ಮೆಟ್ಟು, ಅಂದರೆ ಎರಡು ಫ್ರೆಟ್‌ಗಳಷ್ಟು ಕೆಳಗಿಳಿಸಬೇಕು. ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಇ–ಎ–ಡಿ–ಜಿ–ಬಿ–ಇ ಎಂದಿದ್ದ ಶ್ರುತಿ ಆಗ ಡಿ–ಜಿ–ಡಿ–ಜಿ–ಬಿ–ಡಿ ಆಗುತ್ತದೆ. ಜಿ ಸ್ವರವನ್ನು ಷಡ್ಜವೆಂದು ಹಿಡಿದು ಹೇಳುವುದಾದರೆ ಪ–ಸ–ಪ–ಸ–ಗ–ಪ. ಎಡಗೈಯಿಂದ ಏನನ್ನೂ ಒತ್ತದೆ, ಬಲಗೈ ಹೆಬ್ಬೆರಳನ್ನು ಆರೂ ತಂತಿಗಳ ಮೇಲೆ ಒಮ್ಮೆ ಎಳೆದರೆ ಸಾಕು, ವಾದ್ಯವೇ ತುಂಬಿದ ಒಂದು ಕಾರ್ಡನ್ನು, ಅಂದರೆ ಒಟ್ಟಿಗೆ ಹೊಂದಿ ನುಡಿಯುವ ಸ್ವರಗಳ ಗುಚ್ಛವನ್ನು, ನುಡಿಯುತ್ತದೆ.

ಹವಾಯಿ ದ್ವೀಪಗಳಲ್ಲಿ ಇದಕ್ಕೆ ಕೀ ಹೋಆಲು ಎನ್ನುತ್ತಾರೆ. ‘ಕೀ’ ಎಂದರೆ ಬಿರಡೆ, ‘ಹೋಆಲು’ ಎಂದರೆ ಸಡಿಲಿಸು. ಇಂಗ್ಲಿಷಿನವರು ಅದನ್ನೇ ಸ್ಲ್ಯಾಕ್ ಕೀ ಎಂದರು. ಮೇಲೆ ಹೇಳಿದ ಶ್ರುತಿ ಈ ಶೈಲಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು. ಅದರ ಹೆಸರು ಟ್ಯಾರೊ ಪ್ಯಾಚ್, ಅಂದರೆ ಕೆಸುವಿನ ಗದ್ದೆ. ಮಲೆನಾಡು ಮತ್ತು ಕರಾವಳಿಯವರು ಎಲೆಯನ್ನು ಪತ್ರೊಡೆಗೂ ಗಡ್ಡೆಯನ್ನು ಹುಳಿಗೂ ಬಳಸುವ ಅದೇ ಕೆಸು ಹವಾಯಿಯ ಜನರ ಮೂಲ ಆಹಾರ. ಇದೇ ಶ್ರುತಿಯಲ್ಲಿ ಮೂರನೆಯ ತಂತಿಯನ್ನು ಇನ್ನೂ ಅರ್ಧ ಸ್ವರ ಇಳಿಸಿದರೆ ಷಡ್ಜದ ಜಾಗದಲ್ಲಿ ಕಾಕಲಿ ನಿಷಾದ ಕೂರುತ್ತದೆ. ಆ ಬಗೆಯ ಶ್ರುತಿಗಳನ್ನು ವಾಹಿನೆ, ಅಂದರೆ ಹೆಣ್ಣು ಎಂದು ಕರೆಯುತ್ತಾರೆ. ಇಂಥ ಶ್ರುತಿಗಳು ಹತ್ತಾರು ಇವೆ. ಹಿಂದಿನ ಕಾಲದಲ್ಲಿ ಒಂದೊಂದು ಕುಟುಂಬ ತನ್ನ ಶ್ರುತಿಯನ್ನು ಮನೆಯ ಗುಟ್ಟಿನಂತೆ ಕಾಪಾಡುತ್ತಿತ್ತು. ನುಡಿಸಿ ಮುಗಿದೊಡನೆ ಬಿರಡೆಗಳನ್ನು ತಿರುಗಿಸಿ ಶ್ರುತಿ ಕೆಡಿಸಿಡುತ್ತಿದ್ದವರೂ ಇದ್ದರಂತೆ.

ಗಿಟಾರ್ ಈ ದ್ವೀಪಗಳಿಗೆ ದನಗಳ ಹಿಂದೆ ಬಂದ ವಾದ್ಯ. 1793ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ರಾಜ ಕಮೆಹಮೆಹಾನಿಗೆ ದನಗಳನ್ನು ಕಾಣಿಕೆ ಕೊಟ್ಟ. ಅವುಗಳನ್ನು ಕೊಲ್ಲಬಾರದೆಂದು ನಿಷೇಧವಿದ್ದುದರಿಂದ ಹಿಂಡು ಬೆಳೆದು ಕಾಡುಪಾಲಾಯಿತು. ಅವುಗಳನ್ನು ಹಿಡಿದು ಪಳಗಿಸಲು 1830ರ ದಶಕದಲ್ಲಿ, ಮೂರನೆಯ ಕಮೆಹಮೆಹಾನ ಆಳ್ವಿಕೆಯಲ್ಲಿ, ಮೆಕ್ಸಿಕೊ ಕಡೆಯಿಂದ ಕುದುರೆ ಸವಾರ ಗೋವಳರನ್ನು ಕರೆಸಲಾಯಿತು. ಸ್ಪ್ಯಾನಿಷ್ ಎಂಬ ಅರ್ಥದ ಎಸ್ಪಾನ್ಯೋಲ್ ಎಂಬ ಅವರ ಮಾತು ಹವಾಯಿ ನಾಲಿಗೆಯಲ್ಲಿ ಪಾನಿಯೋಲೊ ಆಗಿ, ಇಂದಿಗೂ ಅಲ್ಲಿ ಗೋವಳನಿಗೆ ಅದೇ ಹೆಸರು. ಅವರ ಗಿಟಾರನ್ನು ದ್ವೀಪದವರು ತಮ್ಮ ಹಾಡುಗಳಿಗೆ ತಕ್ಕಂತೆ ಸಡಿಲಿಸಿಕೊಂಡರು. ಮನೆಯಂಗಳದಲ್ಲೇ ಉಳಿದಿದ್ದ ಈ ಶೈಲಿ 1940ರ ದಶಕದಲ್ಲಿ ಹವಾಯಿಯ ವಾದಕ ಗ್ಯಾಬಿ ಪಹಿನುಯಿ ಅವರ ಧ್ವನಿಮುದ್ರಣಗಳ ಮೂಲಕ ಹೊರಗೆ ಬಂದಿತು.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ನಮ್ಮ ಆರ್ಕೆಸ್ಟ್ರಾಗಳಲ್ಲಿ ಹವಾಯಿಯನ್ ಗಿಟಾರ್ ಎಂದು ಕರೆಯುತ್ತಿದ್ದದ್ದು, ತೊಡೆಯ ಮೇಲೆ ಮಲಗಿಸಿ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ವಾದ್ಯ. ಮೋಹನ ವೀಣೆಯ ಪೂರ್ವಜ ಅದು. ಸ್ಲ್ಯಾಕ್ ಕೀ ಅದಲ್ಲ. ಇಲ್ಲಿ ಗಿಟಾರನ್ನು ಎಂದಿನಂತೆ ಎದೆಗೊರಗಿಸಿಕೊಂಡು, ಬೆರಳಿನಿಂದಲೇ ಫ್ರೆಟ್ ಒತ್ತಿ, ಬಲಗೈ ಹೆಬ್ಬೆರಳಿನಿಂದ ಮಂದ್ರದ ತಾಳವನ್ನೂ ಉಳಿದ ಬೆರಳುಗಳಿಂದ ರಾಗದ ಎಳೆಯನ್ನೂ ಒಟ್ಟಿಗೆ ನಡೆಸುತ್ತಾರೆ. ಅದರ ಗುಣವನ್ನು ಹವಾಯಿಯವರು ‘ನಹೆನಹೆ’ ಎಂಬ ಒಂದು ಮಾತಿನಲ್ಲಿ ಹೇಳುತ್ತಾರೆ. ಮೆಲು, ಇಂಪು, ಹಿತ ಎಲ್ಲವೂ ಅದರಲ್ಲಿವೆ.

ತಂತಿಯನ್ನು ಸಡಿಲಿಸಿದಾಗ ಆಗುವುದೇನು? ತಂತಿಯ ಕಂಪನದ ಆವೃತ್ತಿಯು ಅದರ ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಮರಿನ್ ಮೆರ್ಸೆನ್ 17ನೆಯ ಶತಮಾನದಲ್ಲಿಯೇ ನಿರೂಪಿಸಿದ್ದ. ಆರನೆಯ ತಂತಿ ಇ ಸ್ವರದಲ್ಲಿ ಸೆಕೆಂಡಿಗೆ 82.4 ಬಾರಿ ಕಂಪಿಸುತ್ತದೆ. ಡಿ ಸ್ವರಕ್ಕೆ ಇಳಿದಾಗ 73.4 ಬಾರಿ. ಆವೃತ್ತಿ ಇಳಿದದ್ದು ಶೇ 11ರಷ್ಟು, ಆದರೆ ಬಿಗಿತ ಇಳಿದದ್ದು ಶೇ 20ಕ್ಕಿಂತ ತುಸು ಹೆಚ್ಚು. ಉಕ್ಕಿನ ತಂತಿಯ ಗಿಟಾರಿನ ಮೇಲೆ ಒಟ್ಟು ಸುಮಾರು 70 ಕಿಲೋಗ್ರಾಂ ತೂಕದಷ್ಟು ಎಳೆತ ಇರುವುದರಿಂದ, ಮೂರು ತಂತಿಗಳನ್ನು ಇಳಿಸಿದಾಗ ಸುಮಾರು 7 ಕಿಲೋಗ್ರಾಂ ಭಾರ ಕಡಿಮೆಯಾಗುತ್ತದೆ. ಆಗ ವಾದ್ಯದ ಕತ್ತು ಒಂದಿಷ್ಟು ಹಿಂದಕ್ಕೆ ಸರಿದು ಮುಟ್ಟದೆ ಬಿಟ್ಟ ತಂತಿಗಳ ಶ್ರುತಿ ಕೊಂಚ ಏರುತ್ತದೆ. ಮೂರೇ ತಂತಿ ಇಳಿಸಿದೆನಲ್ಲ, ಉಳಿದವು ಯಾಕೆ ಕೆಟ್ಟವು ಎಂದು ಹೊಸಬರು ತಲೆ ಕೆರೆದುಕೊಳ್ಳುವುದು ಇದಕ್ಕೇ.

ಇಷ್ಟಕ್ಕೂ ಸಡಿಲಿಸುವುದರ ನಿಜವಾದ ಲಾಭ ನಾದಕ್ಕಿಂತ ಹೆಚ್ಚಾಗಿ ಎಡಗೈಗೆ ಸಿಗುವ ಬಿಡುವಿನಲ್ಲಿದೆ ಎಂದು ನನಗೆ ತೋರುತ್ತದೆ. ಸಾಮಾನ್ಯ ಶ್ರುತಿಯಲ್ಲಿ ಒಂದು ಕಾರ್ಡ್ ಹಿಡಿಯಲು ಎಡಗೈಯ ಮೂರು ನಾಲ್ಕು ಬೆರಳುಗಳು ಬೇಕು. ಹಿಡಿದ ಮೇಲೆ ರಾಗ ನುಡಿಸಲು ಬೆರಳು ಉಳಿಯುವುದಿಲ್ಲ. ಟ್ಯಾರೊ ಪ್ಯಾಚ್‌ನಲ್ಲಿ ಮಂದ್ರದ ಮೂರೂ ತಂತಿಗಳು ಒತ್ತದೆಯೇ ಷಡ್ಜ ಪಂಚಮಗಳನ್ನು ಕೊಡುತ್ತವೆ. ಹೆಬ್ಬೆರಳು ಅವುಗಳ ಮೇಲೆ ತೂಗುತ್ತಿದ್ದರೆ, ಎಡಗೈ ಮೇಲಿನ ತಂತಿಗಳಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು. ವೀಣೆಯಲ್ಲಿ ಮೆಟ್ಟುಗಳ ಮೇಲೆ ಹಾಯದ ಮೂರು ತಾಳದ ತಂತಿಗಳು ಕಿರುಬೆರಳಿಗೆ ಸಿಗುವುದನ್ನು ಕಂಡವರಿಗೆ ಈ ಏರ್ಪಾಡು ಹೊಸದೆನಿಸಲಾರದು.

ಆದರೆ ಹಾಡು ಮಧ್ಯಮದ ಕಾರ್ಡಿಗೆ, ಅಂದರೆ ಸಿ ಗೆ ತಿರುಗಿದ ಕೂಡಲೇ ಈ ಸುಖ ಮುಗಿಯುತ್ತದೆ. ತೆರೆದ ತಂತಿಗಳಲ್ಲಿ ಸಿ ಇಲ್ಲ. ಐದನೆಯ ತಂತಿಯ ಐದನೆಯ ಫ್ರೆಟ್ ಒತ್ತಿದರೆ ಸಿಗುತ್ತದೆ, ಆದರೆ ಅಲ್ಲಿಗೆ ಕೈ ಕಟ್ಟಿದಂತೆ. ರಾಗ ಆ ಫ್ರೆಟ್ಟಿನ ಆಚೀಚೆಯೇ ಸುಳಿಯಬೇಕು.

ಹಾರ್ಪ್ ಗಿಟಾರ್ ಇಲ್ಲಿ ಒದಗುತ್ತದೆ. ಎಂದಿನ ಆರು ತಂತಿಗಳ ಮೇಲ್ಬದಿಯಲ್ಲಿ, ಫ್ರೆಟ್‌ಗಳಿಲ್ಲದ, ಖಾಲಿ ಗಾಳಿಯಲ್ಲಿ ಹಾಯುವ ಐದಾರು ದಪ್ಪ ತಂತಿಗಳನ್ನು ಹೊತ್ತ ಗಿಟಾರ್ ಇದು. ವಿಯೆನ್ನಾದ ಶ್ರಾಮೆಲ್ ಸಂಗೀತದಲ್ಲಿ ಎರಡು ಕತ್ತುಗಳ ಇಂಥ ವಾದ್ಯ 19ನೆಯ ಶತಮಾನದಿಂದ ಬಳಕೆಯಲ್ಲಿದೆ. ಅಮೆರಿಕದಲ್ಲಿ ನಾರ್ವೆ ಮೂಲದ ಕ್ರಿಸ್ ಕ್ನುಟ್ಸೆನ್ ವಾದ್ಯದ ಒಡಲನ್ನೇ ಟೊಳ್ಳು ತೋಳಿನಂತೆ ಮೇಲಕ್ಕೆ ಚಾಚಿ, ಹೆಚ್ಚುವರಿ ತಂತಿಗಳ ಬಿರಡೆಗಳನ್ನು ಆ ತೋಳಿನ ತುದಿಯಲ್ಲಿಟ್ಟರು. ಅದೇ ರೂಪವನ್ನು ಷಿಕಾಗೋದ ಲಾರ್ಸನ್ ಸಹೋದರರು ತಿದ್ದಿದರು. ಅವರು ಡೈಯರ್ ಎಂಬ ಹೆಸರಿನಲ್ಲಿ ಮಾರಾಟಕ್ಕಾಗಿ ಮಾಡಿಕೊಟ್ಟ ವಾದ್ಯಗಳು ಇಂದಿಗೂ ಮಾದರಿ. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಅಮೆರಿಕದಲ್ಲಿ ಹವಾಯಿ ಸಂಗೀತದ ಹುಚ್ಚು ಹಬ್ಬಿದಾಗ ಕ್ನುಟ್ಸೆನ್ ತೊಡೆಯ ಮೇಲೆ ನುಡಿಸುವ ಟೊಳ್ಳು ಕತ್ತಿನ ಗಿಟಾರುಗಳನ್ನೂ ಮಾಡಿದರು. ಮುಂದೆ ಹಾರ್ಪ್ ಗಿಟಾರ್ ಬಹುತೇಕ ಮೂಲೆ ಸೇರಿತು. 1980ರ ದಶಕದಲ್ಲಿ ಅಮೆರಿಕದ ಗಿಟಾರ್ ವಾದಕ ಮೈಕೆಲ್ ಹೆಜಸ್ ಹಳೆಯ ಡೈಯರ್ ಒಂದನ್ನು ಕೈಗೆತ್ತಿಕೊಂಡ ಮೇಲೆ ಜನ ಅದರತ್ತ ಮತ್ತೆ ತಿರುಗಿ ನೋಡಿದರು.

ಆ ಉದ್ದನೆಯ ತೋಳು ಬರಿಯ ಅಲಂಕಾರವಲ್ಲ. ಹೆಚ್ಚುವರಿ ತಂತಿಗಳಲ್ಲಿ ಕೆಳಗಿನದು ಸಾಮಾನ್ಯವಾಗಿ ಸೆಕೆಂಡಿಗೆ 49 ಬಾರಿ ಕಂಪಿಸುವ, ಅಂದರೆ 49 ಹರ್ಟ್ಸ್‌ನ ಜಿ. ಐದನೆಯ ತಂತಿಯ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗೆ. ಗಿಟಾರಿನ ಆರನೆಯ ತಂತಿಯನ್ನೇ ಸಡಿಲಿಸುತ್ತಾ ಅಲ್ಲಿಗೆ ಇಳಿಸಲು ಹೊರಟರೆ ಬಿಗಿತ ಮೂಲದ ಶೇ 35ಕ್ಕೆ ಕುಸಿಯುತ್ತದೆ. ತಂತಿ ಜೋಲುತ್ತದೆ, ನಾದ ಹೊರಡುವುದಿಲ್ಲ. ಬಿಗಿತ ಉಳಿಸಿಕೊಂಡು ಇಳಿಯಬೇಕಾದರೆ ತಂತಿಯ ತೂಕ ಹೆಚ್ಚಿಸಬೇಕು, ಅದೇ ಉದ್ದದಲ್ಲಿ 2.8 ಪಟ್ಟು. ಉದ್ದವನ್ನು ಕಾಲು ಭಾಗ ಹೆಚ್ಚಿಸಿದರೆ ಮೀಟರಿಗೆ 1.8 ಪಟ್ಟು ತೂಕ ಸಾಕು. ತೀರಾ ದಪ್ಪನಾದ ತಂತಿ ಸಲಾಕೆಯಂತೆ ಬಾಗಲು ಒಲ್ಲದೆ, ಮೂಲಸ್ವರದೊಡನೆ ಅದರ ಎರಡು, ಮೂರು ಪಟ್ಟು ಆವೃತ್ತಿಯಲ್ಲಿ ಮೂಡುವ ಉಪಸ್ವರಗಳನ್ನು ಜಾಗ ತಪ್ಪಿಸುತ್ತದೆ. ಉಕ್ಕಿನ ಎಳೆಯ ಸುತ್ತ ಕಂಚಿನ ತಂತಿ ಸುತ್ತುವುದು ಆ ಕಾರಣಕ್ಕೆ: ತೂಕ ಬರುತ್ತದೆ, ಪೆಡಸುತನ ಅಷ್ಟು ಬರುವುದಿಲ್ಲ.

ಇನ್ನು ಒಡಲಿನ ವಿಷಯ. ಗಿಟಾರಿನ ಒಳಗಿನ ಗಾಳಿ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ ಚೆನ್ನಾಗಿ ಅನುರಣಿಸುತ್ತದೆ. ಅದಕ್ಕಿಂತ ಬಹಳ ಕೆಳಗಿನ ಕಂಪನಗಳನ್ನು ಪೆಟ್ಟಿಗೆ ಹೊರಗೆ ದಾಟಿಸಲಾರದು. ಟೊಳ್ಳು ತೋಳಿನಿಂದ ಒಳಗಿನ ಗಾಳಿಯ ಗಾತ್ರ ಹೆಚ್ಚುವುದರಿಂದ ಈ ಮಿತಿ ಸ್ವಲ್ಪ ಕೆಳಗೆ ಸರಿಯುತ್ತದೆ, 49ರವರೆಗೆ ಅಲ್ಲ. ಹಾಗಾದರೆ ಆ ಆಳವಾದ ಷಡ್ಜ ನಮಗೆ ಕೇಳುವುದು ಹೇಗೆ? ಬಹುಪಾಲು ಅದನ್ನು ನಮ್ಮ ಮಿದುಳು ಕಟ್ಟಿಕೊಳ್ಳುತ್ತದೆ. 98, 147, 196 ಎಂಬ ಉಪಸ್ವರಗಳು ಕಿವಿ ತಲುಪಿದಾಗ, ಅವೆಲ್ಲ 49ರ ಗುಣಕಗಳೆಂದು ಗುರುತಿಸಿ, ದುರ್ಬಲವಾದ ಮೂಲಸ್ವರವನ್ನು ಅದೇ ತುಂಬಿಕೊಳ್ಳುತ್ತದೆ.

ಈಗ ಸ್ಲ್ಯಾಕ್ ಕೀ ವಾದಕನ ಕೈಗೆ ಬರೋಣ. ಹೆಚ್ಚುವರಿ ತಂತಿಗಳನ್ನು ಕೆಳಗಿನಿಂದ ಜಿ–ಎ–ಬಿ–ಸಿ–ಡಿ ಎಂದು ಜೋಡಿಸುವ ರೂಢಿ ಇದೆ. ಸಿ ತೆರೆದ ತಂತಿಯಾಗಿ ದೊರೆಯಿತು. ಮಧ್ಯಮದ ಕಾರ್ಡಿಗೆ ತಿರುಗಿದಾಗಲೂ ಎಡಗೈ ಮೇಲಿನ ತಂತಿಗಳಲ್ಲೇ ಉಳಿಯಬಹುದು. ತಮಾಷೆಯೆಂದರೆ, ಟ್ಯಾರೊ ಪ್ಯಾಚ್‌ಗೆ ಇಳಿಸಿದ ಆರನೆಯ ತಂತಿಯೂ ಅದೇ ಡಿ, ಪಕ್ಕದ ಹೆಚ್ಚುವರಿ ತಂತಿಯೂ ಅದೇ ಡಿ. ಒಂದೇ ಸ್ವರಕ್ಕೆ ಎರಡು ತಂತಿ. ಜಿಪುಣನಾದವನು ಎರಡನೆಯದನ್ನು ಬೇರೆ ಸ್ವರಕ್ಕೆ ಮಾಡಿಕೊಂಡಾನು. ಹಾಗೆಯೇ ಬಿಟ್ಟರೆ ಆರನೆಯದನ್ನು ಫ್ರೆಟ್ಟಿನ ಕೆಲಸಕ್ಕೆ ಧಾರಾಳವಾಗಿ ಬಳಸಬಹುದು.

ಕಷ್ಟ ಬರುವುದು ಬೇರೆ ಕಡೆ. ಫ್ರೆಟ್ ಒತ್ತಿ ನುಡಿಸಿದ ಸ್ವರ, ಬೆರಳು ಎತ್ತಿದೊಡನೆ ನಿಲ್ಲುತ್ತದೆ; ನಿಲ್ಲಿಸುವ ಕೆಲಸವನ್ನು ಎಡಗೈ ತನಗೇ ಗೊತ್ತಿಲ್ಲದಂತೆ ಮಾಡುತ್ತಿರುತ್ತದೆ. ಹಾರ್ಪ್ ಗಿಟಾರಿನ ತೆರೆದ ಮಂದ್ರಗಳಿಗೆ ಆ ಬೆರಳೇ ಇಲ್ಲ. ಭಾರವಾದ, ಉದ್ದವಾದ ತಂತಿ ತನ್ನ ಶಕ್ತಿಯನ್ನು ನಿಧಾನವಾಗಿ ಬಿಟ್ಟುಕೊಡುವುದರಿಂದ ಒಮ್ಮೆ ಮೀಟಿದ ಷಡ್ಜ ಹಲವಾರು ಸೆಕೆಂಡು ಉಳಿಯುತ್ತದೆ. ಅಷ್ಟರಲ್ಲಿ ಹಾಡು ಪಂಚಮದ ಕಾರ್ಡಿಗೆ ಹೋಗಿದ್ದರೆ, ಅಲ್ಲಿನ ಕಾಕಲಿ ನಿಷಾದದೊಡನೆ ಹಳೆಯ ಷಡ್ಜ ತಿಕ್ಕಾಡುತ್ತದೆ. 49 ಹರ್ಟ್ಸ್‌ನ ಜಿ ಮತ್ತು 55 ಹರ್ಟ್ಸ್‌ನ ಎ ಒಟ್ಟಿಗೆ ನುಡಿದರಂತೂ ಸೆಕೆಂಡಿಗೆ ಆರು ಬಾರಿ ಏರಿಳಿಯುವ ಗುಡುಗುಡು ಶಬ್ದವಷ್ಟೇ ಉಳಿಯುತ್ತದೆ. ಮಂದ್ರದಲ್ಲಿ ಹತ್ತಿರದ ಸ್ವರಗಳನ್ನು ಬೇರ್ಪಡಿಸುವ ಶಕ್ತಿ ನಮ್ಮ ಕಿವಿಗೆ ಕಡಿಮೆ. ಆದ್ದರಿಂದ ಹೆಬ್ಬೆರಳು ಹೊಸ ತಂತಿಯನ್ನು ಮೀಟುವುದರ ಜೊತೆಗೆ, ತನ್ನ ಬದಿಯಿಂದಲೋ ಅಂಗೈಯ ಅಂಚಿನಿಂದಲೋ ಹಳೆಯದನ್ನು ಮುಟ್ಟಿ ಸುಮ್ಮನಾಗಿಸಬೇಕು. ಎಡಗೈಗೆ ಸಿಕ್ಕ ಬಿಡುವಿನ ಬೆಲೆಯನ್ನು ಬಲಗೈ ತೆರುತ್ತದೆ. ಈ ವಾದ್ಯದಲ್ಲಿ ಸ್ಲ್ಯಾಕ್ ಕೀ ನುಡಿಸುವವನ ಪಳಗುವಿಕೆಯನ್ನು ನಾನು ಅಳೆಯುವುದು ಅವನು ಮೀಟಿದ್ದರಿಂದಲ್ಲ, ನಿಲ್ಲಿಸಿದ್ದರಿಂದ.

ಎಲ್ಲವನ್ನೂ ನಿಲ್ಲಿಸಲಾಗದು, ನಿಲ್ಲಿಸಬೇಕಾಗಿಯೂ ಇಲ್ಲ. ಮೊದಲು ಸಡಿಲಿಸಿದ ಸಾಮಾನ್ಯ ಗಿಟಾರಿನಲ್ಲೇ ಇದನ್ನು ನೋಡಬಹುದು. ಅಕ್ಕಿಕಾಳಿನಷ್ಟು ಅಗಲದ ಕಾಗದದ ಚೂರನ್ನು ಮಡಿಸಿ ನಾಲ್ಕನೆಯ ತಂತಿಯ ನಡುಮಧ್ಯದಲ್ಲಿ ಕೂರಿಸಿ, ಆರನೆಯ ತಂತಿಯನ್ನು ಬಲವಾಗಿ ಮೀಟಿದರೆ ಮುಟ್ಟದ ನಾಲ್ಕನೆಯ ತಂತಿ ತಾನೇ ಕಂಪಿಸಿ ಕಾಗದ ನಡುಗುತ್ತದೆ, ಕೆಲವೊಮ್ಮೆ ಬಿದ್ದೂಹೋಗುತ್ತದೆ. ಆರನೆಯದರ ಎರಡನೆಯ ಉಪಸ್ವರವೂ ನಾಲ್ಕನೆಯದರ ಮೂಲಸ್ವರವೂ ಒಂದೇ ಆಗಿರುವುದೇ ಕಾರಣ. ಹಾರ್ಪ್ ಗಿಟಾರಿನಲ್ಲಿ ಹೀಗೆ ಓಗೊಡುವ ತಂತಿಗಳು ಹನ್ನೊಂದು ಹನ್ನೆರಡು. ಮೇಲಿನ ಡಿ ನುಡಿದಾಗ, 293.7 ಹರ್ಟ್ಸ್, ಕೆಳಗಿನ ಜಿ ತಂತಿಯ ಆರನೆಯ ಉಪಸ್ವರ 294. ಎರಡೂ ಹೆಚ್ಚುಕಡಿಮೆ ಕೂಡುತ್ತವೆ. ಮೂರು ಸೆಕೆಂಡಿಗೊಮ್ಮೆ ಉಸಿರಾಡಿದಂಥ ನಿಧಾನದ ಅಲೆಯಷ್ಟೇ ಕೇಳುತ್ತದೆ.

ಗಾಂಧಾರ ಮಾತ್ರ ಅಷ್ಟು ಸುಲಭವಾಗಿ ಕೂಡುವುದಿಲ್ಲ. ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದಾಗ ಯಾರೂ ನುಡಿಸದ ಅಂತರ ಗಾಂಧಾರವೊಂದು ಮೇಲೆ ತೇಲಿಬರುವುದನ್ನು ಸಂಗೀತ ಕಲಿತವರು ಬಲ್ಲರು. ಅದು ಷಡ್ಜದ ಐದನೆಯ ಉಪಸ್ವರ. ಕೆಳಗಿನ ಜಿ ತಂತಿಯೂ ಅದನ್ನು 245 ಹರ್ಟ್ಸ್‌ನಲ್ಲಿ ಹಾಡುತ್ತದೆ. ಆದರೆ ಯಂತ್ರ ನೋಡಿ ಶ್ರುತಿ ಮಾಡಿದ ಎರಡನೆಯ ತಂತಿಯ ಬಿ ಇರುವುದು 246.9ರಲ್ಲಿ. ಸೆಕೆಂಡಿಗೆ ಸುಮಾರು ಎರಡು ಬಾರಿ ಗಾಂಧಾರ ಅಲೆಯಾಡುತ್ತದೆ. ಕಿವಿ ಸೂಕ್ಷ್ಮವಾಗಿದ್ದವರು ಆ ತಂತಿಯನ್ನು ಕೂದಲೆಳೆಯಷ್ಟು ಇಳಿಸುತ್ತಾರೆ. ಅಲೆ ನಿಂತು ಕಾರ್ಡ್ ಒಂದೇ ಎರಕ ಹೊಯ್ದಂತೆ ಆಗುತ್ತದೆ. ಆದರೆ ಅದೇ ತಂತಿಯ ಮೊದಲ ಫ್ರೆಟ್‌ನಲ್ಲಿ ಒತ್ತುವ ಸಿ ಈಗ ತುಸು ತಗ್ಗಿಹೋಗಿ, ಹೊಸದಾಗಿ ದೊರೆತ ಮಂದ್ರದ ಸಿ ಯೊಡನೆ ಹೊಂದುವುದಿಲ್ಲ. ಎಲ್ಲಿ ಇಳಿಸಿ ಎಲ್ಲಿ ಬಿಡಬೇಕೆಂಬುದನ್ನು ಆ ಹಾಡು ಯಾವ ಕಾರ್ಡಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದೇ ತೀರ್ಮಾನಿಸುತ್ತದೆ.

ಹಾಡಿನ ಕೊನೆಗೆ, ಹನ್ನೆರಡನೆಯ ಫ್ರೆಟ್‌ನ ನೇರಕ್ಕೆ ತಂತಿಗಳನ್ನು ಹಗುರವಾಗಿ ಸ್ಪರ್ಶಿಸಿ ಗಂಟೆಯಂಥ ಸ್ವರಗಳನ್ನು ಎಬ್ಬಿಸುವುದು ಸ್ಲ್ಯಾಕ್ ಕೀ ವಾದಕರ ವಾಡಿಕೆ. ಅದರೊಡನೆ ಹೆಬ್ಬೆರಳು ಕೆಳಗಿನ ಷಡ್ಜವನ್ನೂ ಮೀಟಿ, ಅಷ್ಟು ಹೊತ್ತು ತಂತಿಗಳನ್ನು ಸುಮ್ಮನಾಗಿಸುತ್ತಿದ್ದ ಕೈಯನ್ನು ಮೇಲಕ್ಕೆತ್ತಿಬಿಡುತ್ತಾರೆ. ಮೊದಲು ಎತ್ತರದ ಉಪಸ್ವರಗಳು ಆರುತ್ತವೆ, ಆಮೇಲೆ ಗಾಂಧಾರ, ಪಂಚಮ. ಕಡೆಗೆ ಮರದ ಒಡಲಿಗೆ ಒತ್ತಿಕೊಂಡ ಮುಂಗೈಗೆ ಮಾತ್ರ ತಿಳಿಯುವ ಒಂದು ನಡುಕ ಉಳಿಯುತ್ತದೆ.