ಎಬಿಎಸ್, ಫೋರ್ ವೀಲ್ ಡ್ರೈವ್: ಎರಡನ್ನೂ ಒಟ್ಟಿಗೆ ಓದೋಣ

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ "ನಮ್ಮದು ಫೋರ್ ವೀಲ್ ಗಾಡಿ, ಏನೂ ಆಗಲ್ಲ" ಅನ್ನುವವರಿದ್ದಾರೆ. ಈ ಪಾಠದಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ. ಫೋರ್ ವೀಲ್ ಡ್ರೈವ್, ಅಂದರೆ ಎಂಜಿನ್ ನಾಲ್ಕೂ ಚಕ್ರ ತಿರುಗಿಸುವ ವ್ಯವಸ್ಥೆ, ಇರುವುದು ಗಾಡಿ ಮುಂದೆ ಹೋಗಲು, ನಿಲ್ಲಲು ಅಲ್ಲ. ಬ್ರೇಕ್ ಅಂತೂ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೂ ಇರುತ್ತದೆ, ಅಲ್ವಾ?

ಲೆಕ್ಕ ಹಾಕಿ ನೋಡಿ. ನಿಲ್ಲುವ ದೂರ = ವೇಗದ ವರ್ಗ ÷ (2 × ಘರ್ಷಣೆ ಗುಣಾಂಕ × 9.81). ಘರ್ಷಣೆ ಗುಣಾಂಕ ಅಂದರೆ ರಸ್ತೆಯ ಮೇಲೆ ಟೈರಿನ ಹಿಡಿತದ ಅಳತೆ, 9.81 ಗುರುತ್ವದ ವೇಗೋತ್ಕರ್ಷ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22.2 ಮೀಟರ್. ಗುಣಾಂಕ 0.8 ಇದ್ದರೆ ಸುಮಾರು 31 ಮೀಟರ್ ಬೇಕು. ರಸ್ತೆ ಒದ್ದೆಯಾಗಿ ಅದು 0.4ಕ್ಕೆ ಇಳಿದರೆ 63 ಮೀಟರ್. ಎಂಜಿನ್ ಎಷ್ಟು ಚಕ್ರ ತಿರುಗಿಸುತ್ತದೆ ಅನ್ನುವುದು ಈ ಸೂತ್ರದಲ್ಲಿ ಎಲ್ಲೂ ಬರುವುದಿಲ್ಲ.

ಈಗ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ. ಜೋರಾಗಿ ಬ್ರೇಕ್ ಒತ್ತಿ ಚಕ್ರ ಜಾಮ್ ಆದರೆ ಟೈರು ಉರುಳುವುದಿಲ್ಲ, ಉಜ್ಜಿಕೊಂಡು ಹೋಗುತ್ತದೆ. ಗಾಡಿಯ ವೇಗಕ್ಕಿಂತ ಚಕ್ರ ಎಷ್ಟು ನಿಧಾನ ಉರುಳುತ್ತಿದೆ ಅನ್ನುವುದೇ ಜಾರಾಟ; ಇದು ಶೇ 100 ಜಾರಾಟ. ಡಾಂಬರಿನಲ್ಲಿ ಹಿಡಿತ ಜಾಸ್ತಿ ಸಿಗುವುದು ಸಾಮಾನ್ಯವಾಗಿ ಶೇ 10ರಿಂದ 30ರಷ್ಟು ಜಾರಾಟದಲ್ಲಿ. ಇನ್ನೂ ಮುಖ್ಯವಾದದ್ದು: ಜಾಮ್ ಆದ ಟೈರಿಗೆ ಅಡ್ಡ ಹಿಡಿತ ಇರುವುದಿಲ್ಲ. ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಎಬಿಎಸ್‌ನ ನಿಜವಾದ ಉಪಕಾರ ಇಲ್ಲಿದೆ. ಬ್ರೇಕ್ ಒತ್ತಿಕೊಂಡೇ ಗಾಡಿಯನ್ನು ತಿರುಗಿಸಬಹುದು.

ಪ್ರತಿ ಚಕ್ರದ ಸೆನ್ಸರ್ ವೇಗ ಅಳೆಯುತ್ತದೆ. ಒಂದು ಚಕ್ರ ಥಟ್ಟನೆ ನಿಧಾನವಾದರೆ ಕಂಟ್ರೋಲ್ ಯೂನಿಟ್ ವಾಲ್ವ್‌ಗಳ ಮೂಲಕ ಆ ಚಕ್ರದ ಬ್ರೇಕ್ ಆಯಿಲ್ ಒತ್ತಡವನ್ನು ತಡೆಯುತ್ತದೆ, ಇಳಿಸುತ್ತದೆ, ಮತ್ತೆ ಏರಿಸುತ್ತದೆ. ಒಂದು ಸೆಕೆಂಡಿನಲ್ಲೇ ಇದು ಹಲವು ಸಲ ನಡೆಯುತ್ತದೆ. ಪೆಡಲ್ ನಡುಗುವುದು ಅದಕ್ಕೇ. ಹೆದರಿ ಕಾಲು ತೆಗೆಯಬೇಡಿ, ಗಟ್ಟಿಯಾಗಿ ಒತ್ತಿಕೊಂಡೇ ಇರಿ. ಸಡಿಲ ಜಲ್ಲಿಯ ಮೇಲೆ ಮಾತ್ರ ಎಬಿಎಸ್ ಇದ್ದರೆ ದೂರ ಹೆಚ್ಚಾಗಬಹುದು. ಜಾಮ್ ಆದ ಚಕ್ರವಾದರೆ ಮುಂದೆ ಜಲ್ಲಿ ಗುಡ್ಡೆ ಹಾಕಿಕೊಂಡು ನಿಲ್ಲುತ್ತದೆ.

ಫೋರ್ ವೀಲ್ ವಿಷಯದಲ್ಲಿ ತಿರುವನ್ನು ನೆನಪಿಡಿ. ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಜಾಸ್ತಿ ದೂರ ಹೋಗುತ್ತವೆ. ಹಳೆಯ ಮಾರುತಿ ಜಿಪ್ಸಿಯಂಥ ಪಾರ್ಟ್ ಟೈಮ್ ಗಾಡಿಯಲ್ಲಿ, ಅಂದರೆ ಬೇಕಾದಾಗ ಮಾತ್ರ ಫೋರ್ ವೀಲ್‌ಗೆ ಹಾಕುವ ಗಾಡಿಯಲ್ಲಿ, ಲಿವರ್ ಹಾಕಿದರೆ ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮುಂದಿನ, ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟ್‌ಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಕಾಫಿ ತೋಟದ ಕೆಸರಿನಲ್ಲಿ ಟೈರು ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಟೈರು ಜಾರುವುದಿಲ್ಲ. ಶಾಫ್ಟ್, ಗೇರ್‌ಗಳು ತಿರುಚಿಕೊಂಡು ಬಿಗಿಯಾಗುತ್ತವೆ. ಸದಾ ಫೋರ್ ವೀಲ್‌ನಲ್ಲೇ ಓಡುವ ಗಾಡಿಗಳಲ್ಲಿ ನಡುವೆ ಇನ್ನೊಂದು ಡಿಫರೆನ್ಷಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇಡುವುದು ಇದೇ ಕಾರಣಕ್ಕೆ.

ಮಾರಾಟದ ಕಾರೊಂದರಲ್ಲಿ ಎಬಿಎಸ್, ಫೋರ್ ವೀಲ್ ಡ್ರೈವ್ ಎರಡೂ ಮೊದಲ ಸಲ ಒಟ್ಟಿಗೆ ಬಂದದ್ದು 1966ರಲ್ಲಿ, ಬ್ರಿಟನ್ನಿನ ಜೆನ್ಸನ್ ಎಫ್‌ಎಫ್‌ನಲ್ಲಿ. ಅದರ ಎಬಿಎಸ್ ಆದ ಡನ್‌ಲಪ್ ಮ್ಯಾಕ್ಸರೆಟ್ ವ್ಯವಸ್ಥೆ ವಿಮಾನಗಳ ಬ್ರೇಕಿನಿಂದ ಬಂದದ್ದು, ಯಾಂತ್ರಿಕವಾದದ್ದು. ಬಾಷ್‌ನ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್‌ಗೆ ಬಂದದ್ದು 1978ರಲ್ಲಿ.

ನನಗೆ ಇಡೀ ಪಾಠದಲ್ಲಿ ತುಂಬಾ ಹಿಡಿಸಿದ ಭಾಗ ಇವೆರಡರ ಜಗಳ. ಚಕ್ರಗಳ ವೇಗ ಹೋಲಿಸಿಯೇ ಎಬಿಎಸ್ ಗಾಡಿಯ ವೇಗವನ್ನು ಅಂದಾಜು ಮಾಡುತ್ತದೆ. ಶಾಫ್ಟ್‌ಗಳನ್ನು ಕಟ್ಟಿಹಾಕಿದ್ದರೆ ಒಂದು ಚಕ್ರದ ಜೊತೆ ಉಳಿದವೂ ನಿಧಾನವಾಗುತ್ತವೆ. ನಾಲ್ಕೂ ಒಟ್ಟಿಗೆ ಜಾರಿದರೆ ಹೋಲಿಸಲು ಏನು ಉಳಿಯಿತು? ಗಾಡಿಯೇ ನಿಧಾನವಾಗಿದೆ ಎಂದು ಕಂಟ್ರೋಲ್ ಯೂನಿಟ್ ಮೋಸಹೋಗಬಹುದು. ಆದ್ದರಿಂದ ಇಂಥ ಎಷ್ಟೋ ಗಾಡಿಗಳಲ್ಲಿ ಜಿ ಸೆನ್ಸರ್ ಇರುತ್ತದೆ. ಅದು ಚಕ್ರಗಳನ್ನು ನೋಡುವುದಿಲ್ಲ. ಗಾಡಿಯ ಮೈ ನಿಜಕ್ಕೂ ಎಷ್ಟು ಬೇಗ ನಿಧಾನವಾಗುತ್ತಿದೆ ಎಂದು ನೇರವಾಗಿ ಅಳೆಯುತ್ತದೆ.