ಹಳೆಯ ಫಿಟ್‌ನೆಸ್ ಬ್ಯಾಂಡ್‌ನ ಬ್ಯಾಟರಿ: ಕೊಡ ಚಿಕ್ಕದಾಯಿತೋ, ತೂತು ದೊಡ್ಡದಾಯಿತೋ?

ಹೊಸದರಲ್ಲಿ ಹತ್ತು ದಿನ ಬರುತ್ತಿದ್ದ ಬ್ಯಾಂಡ್ ಮೂರು ವರ್ಷದ ನಂತರ ನಾಲ್ಕೇ ದಿನಕ್ಕೆ ಕೈಕೊಡುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಬ್ಯಾಟರಿ ಹೋಯ್ತು." ನಿಜವಾಗಿ ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿರಬಹುದು. ನೀರು ತುಂಬುವ ಕೊಡವೇ ಚಿಕ್ಕದಾಗಿರಬಹುದು. ಇಲ್ಲವೇ ಕೊಡ ಹಾಗೇ ಇದ್ದು, ತೂತು ದೊಡ್ಡದಾಗಿರಬಹುದು. ಕೊಡ ಅಂದರೆ ಸೆಲ್‌ನ (ಒಳಗಿನ ಬ್ಯಾಟರಿಯ) ಸಾಮರ್ಥ್ಯ, ತೂತು ಅಂದರೆ ಬ್ಯಾಂಡ್ ಎಳೆಯುವ ಕರೆಂಟು. ಮೊದಲನೆಯದನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಎರಡನೆಯದನ್ನು ಎಷ್ಟೋ ಸಲ ಸೆಟ್ಟಿಂಗ್‌ನಲ್ಲೇ ಸರಿ ಮಾಡಬಹುದು. ಅದಕ್ಕೇ ಇವೆರಡನ್ನೂ ಬೇರೆ ಮಾಡಿ ನೋಡಲು ಕಲಿಯೋಣ.

ಮೊದಲು ಒಂದು ಸಣ್ಣ ಲೆಕ್ಕ

100 ಎಂಎಎಚ್ (ಮಿಲಿಆಂಪ್-ಅವರ್, ಅಂದರೆ ಎಷ್ಟು ಮಿಲಿಆಂಪ್ ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಅಳತೆ) ಸೆಲ್ ಇರುವ ಬ್ಯಾಂಡ್ 10 ದಿನ ಬರುತ್ತದೆ ಅಂದುಕೊಳ್ಳಿ. 10 ದಿನ ಅಂದರೆ 240 ಗಂಟೆ. 100 ಅನ್ನು 240ರಿಂದ ಭಾಗಿಸಿದರೆ ಸುಮಾರು 0.42 ಮಿಲಿಆಂಪ್. ಸರಾಸರಿಯಲ್ಲಿ ಬ್ಯಾಂಡ್ ಎಳೆಯುತ್ತಿರುವುದು ಇಷ್ಟೇ.

ಈ ಸಂಖ್ಯೆಯನ್ನು ಸ್ವಲ್ಪ ಗಮನಿಸಿ. ಇಷ್ಟು ಕಡಿಮೆ ಕರೆಂಟಿನಲ್ಲಿ ಬದುಕುವ ಸಾಧನಕ್ಕೆ ಇನ್ನೊಂದು 0.4 ಮಿಲಿಆಂಪ್ ಸೇರಿದರೆ ಸಾಕು, ಹತ್ತು ದಿನ ಐದಾಗುತ್ತದೆ. ಫೋನಿನಲ್ಲಾದರೆ ಈ ಹೆಚ್ಚುವರಿ ಲೆಕ್ಕಕ್ಕೇ ಬರುವುದಿಲ್ಲ. ಬ್ಯಾಂಡ್‌ನಲ್ಲಿ ಅದೇ ಅರ್ಧ ಆಯಸ್ಸು.

ಈಗ ನಮ್ಮ ಹಳೆಯ ಬ್ಯಾಂಡ್‌ಗೆ ಬರೋಣ. ಅದು 4 ದಿನ, ಅಂದರೆ 96 ಗಂಟೆ ಬರುತ್ತಿದೆ. ಖರ್ಚು ಮೊದಲಿನಷ್ಟೇ ಇದ್ದರೆ ಸೆಲ್‌ನಲ್ಲಿ ಉಳಿದಿರುವುದು ಸುಮಾರು 40 ಎಂಎಎಚ್ ಮಾತ್ರ ಎಂದಾಗುತ್ತದೆ. ಸರಿಯಾಗಿ ನೋಡಿಕೊಂಡ ಸೆಲ್ ಮೂರು ವರ್ಷಕ್ಕೆ ಇಷ್ಟು ಕುಗ್ಗುವುದು ಅಪರೂಪ. ಸೆಲ್ 80ಕ್ಕೆ ಇಳಿದಿದೆ ಎಂದಿಟ್ಟುಕೊಂಡರೆ ಖರ್ಚು 80 ಭಾಗಿಸು 96, ಅಂದರೆ 0.83 ಮಿಲಿಆಂಪ್. ಮೊದಲಿನ ಎರಡರಷ್ಟು! ಹಳೆಯ ಬ್ಯಾಂಡ್‌ಗಳಲ್ಲಿ ಸಾಮಾನ್ಯವಾಗಿ ಆಗುವುದು ಹೀಗೆಯೇ. ಎರಡೂ ಸ್ವಲ್ಪ ಸ್ವಲ್ಪ ಸೇರಿಕೊಂಡಿರುತ್ತವೆ, ಬೈಗುಳ ಮಾತ್ರ ಸೆಲ್ ಒಂದಕ್ಕೇ.

ಖರ್ಚು ಎಷ್ಟು ಮುಖ್ಯ ಅನ್ನೋದಕ್ಕೆ ಇನ್ನೊಂದು ಉದಾಹರಣೆ. 2014ರಲ್ಲಿ ಬಂದ ಶಿಯೋಮಿಯ ಮೊದಲ ಎಂಐ ಬ್ಯಾಂಡ್‌ನಲ್ಲಿದ್ದದ್ದು ಬರೀ 41 ಎಂಎಎಚ್ ಸೆಲ್. ಆದರೂ ಕಂಪನಿ 30 ದಿನ ಬರುತ್ತದೆ ಎಂದಿತ್ತು. ಅದಕ್ಕೆ ಪರದೆಯೇ ಇರಲಿಲ್ಲ, ಮೂರು ಪುಟ್ಟ ದೀಪಗಳಿದ್ದವು ಅಷ್ಟೆ. 2019ರ ಎಂಐ ಬ್ಯಾಂಡ್ 4ಕ್ಕೆ 135 ಎಂಎಎಚ್ ಸೆಲ್, ಬಣ್ಣದ ಅಮೋಲೆಡ್ ಪರದೆ, ಹೃದಯ ಬಡಿತದ ಸೆನ್ಸರ್. ಅದಕ್ಕೆ ಹೇಳಿದ್ದು 20 ದಿನ. ಕೊಡ ಮೂರು ಪಟ್ಟಿಗಿಂತ ದೊಡ್ಡದಾದರೂ ದಿನಗಳು ಕಡಿಮೆಯಾದವು. ಸರಾಸರಿ ಕರೆಂಟು ತೆಗೆದು ನೋಡಿ, ಸುಮಾರು ಐದು ಪಟ್ಟು ಏರಿದೆ.

ಸೆಲ್ ಒಳಗೆ ಏನಾಗುತ್ತದೆ

ಬ್ಯಾಂಡ್‌ನಲ್ಲಿರುವುದು ಫೋನಿನಲ್ಲಿರುವಂಥದ್ದೇ ಲಿಥಿಯಂ ಅಯಾನ್ ಸೆಲ್, ಗಾತ್ರ ಮಾತ್ರ ಪುಟ್ಟದು. ಇದನ್ನು ಮೊದಲು ಮಾರುಕಟ್ಟೆಗೆ ತಂದದ್ದು 1991ರಲ್ಲಿ ಸೋನಿ. ಇದರ ಹಿಂದಿನ ಕೆಲಸಕ್ಕಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೋ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಕೋಬಾಲ್ಟ್‌ನಂಥ ಲೋಹದ ಆಕ್ಸೈಡ್, ನಡುವೆ ಲಿಥಿಯಂ ಲವಣ ಕರಗಿರುವ ದ್ರಾವಣ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು (ವಿದ್ಯುದಾವೇಶ ಇರುವ ಲಿಥಿಯಂ ಕಣಗಳು) ಗ್ರಾಫೈಟ್‌ನ ಪದರಗಳ ನಡುವೆ ಹೋಗಿ ಕೂರುತ್ತವೆ. ಬಳಸುವಾಗ ವಾಪಸ್ ಬರುತ್ತವೆ. ಹೀಗೆ ಓಡಾಡುವ ಲಿಥಿಯಂ ಎಷ್ಟಿದೆಯೋ ಅಷ್ಟೇ ಸೆಲ್‌ನ ಸಾಮರ್ಥ್ಯ.

ತೊಂದರೆ ಶುರುವಾಗುವುದು ಗ್ರಾಫೈಟ್‌ನ ಮೈಮೇಲೆ. ಮೊದಲ ಸಲ ಚಾರ್ಜ್ ಮಾಡಿದಾಗಲೇ ದ್ರಾವಣ ಅಲ್ಲಿ ಒಡೆದು ಒಂದು ತೆಳ್ಳನೆಯ ಪೊರೆ ಕಟ್ಟುತ್ತದೆ. ಈ ಪೊರೆ ಬೇಕೇ ಬೇಕು. ಅದಿಲ್ಲದಿದ್ದರೆ ದ್ರಾವಣ ಒಡೆಯುತ್ತಲೇ ಇರುತ್ತದೆ. ಆದರೆ ಪೊರೆ ಕಟ್ಟಲು ಖರ್ಚಾದ ಲಿಥಿಯಂ ಮತ್ತೆ ಓಡಾಟಕ್ಕೆ ಸಿಗುವುದಿಲ್ಲ. ಮತ್ತೆ ಆ ಪೊರೆ ಬೆಳೆಯುವುದನ್ನು ಪೂರ್ತಿ ನಿಲ್ಲಿಸುವುದೂ ಇಲ್ಲ. ನೀವು ಬ್ಯಾಂಡನ್ನು ಬಳಸಿ, ಬಿಡಿ, ಡ್ರಾಯರ್‌ನಲ್ಲಿ ಸುಮ್ನೆ ಇಟ್ಟಿರಿ, ಅದು ನಿಧಾನವಾಗಿ ದಪ್ಪವಾಗುತ್ತಾ ಹೋಗುತ್ತದೆ.

ಸಮಾಧಾನದ ವಿಷಯ ಏನೆಂದರೆ, ಪೊರೆ ದಪ್ಪವಾದಷ್ಟೂ ಅದರ ಬೆಳವಣಿಗೆ ನಿಧಾನವಾಗುತ್ತದೆ. ಈ ನಷ್ಟ ಸುಮಾರಾಗಿ ಕಾಲದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ಮೊದಲ ವರ್ಷ 6% ಹೋಯಿತು ಅಂದರೆ ನಾಲ್ಕು ವರ್ಷಕ್ಕೆ 24% ಅಲ್ಲ, 12%ರ ಆಸುಪಾಸು. ಆದರೆ ಇದು ಕೊನೆವರೆಗೂ ನಡೆಯುವ ಲೆಕ್ಕವಲ್ಲ. ಸೆಲ್ ತುಂಬಾ ಸವೆದ ಮೇಲೆ ಸಾಮರ್ಥ್ಯದ ಗ್ರಾಫ್ ಒಮ್ಮೆಲೇ ಕೆಳಗೆ ಬಾಗಬಹುದು. "ಕಳೆದ ತಿಂಗಳವರೆಗೂ ಚೆನ್ನಾಗಿತ್ತು" ಅಂತ ಜನ ಹೇಳುವುದು ಈ ಹಂತದಲ್ಲಿ.

ಚಾರ್ಜ್ ಮಾಡಿದ್ದಕ್ಕೆ ಸವೆಯುತ್ತದೆಯೇ?

ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ ಭಾಗ. ಬ್ಯಾಟರಿ ಅಂದ ಕೂಡಲೇ ಎಲ್ಲರೂ ಚಾರ್ಜ್ ಸೈಕಲ್ ಲೆಕ್ಕ ಹಾಕುತ್ತಾರೆ. 100%ನಷ್ಟು ಬಳಸಿ ಮತ್ತೆ ತುಂಬಿದರೆ ಒಂದು ಸೈಕಲ್. 50% ಬಳಸಿ ತುಂಬಿದ್ದು ಎರಡು ಸಲ ಆದರೂ ಒಂದೇ ಸೈಕಲ್. ಇಂಥ ಸೆಲ್‌ಗಳಿಗೆ ಸಾಮಾನ್ಯವಾಗಿ 300ರಿಂದ 500 ಸೈಕಲ್ ಆದಾಗ ಸಾಮರ್ಥ್ಯ 80%ಕ್ಕೆ ಇಳಿಯುತ್ತದೆ ಎಂಬ ಅಂದಾಜು ಕೊಡುತ್ತಾರೆ.

ದಿನಾ ಚಾರ್ಜ್ ಬೇಡುವ ಸ್ಮಾರ್ಟ್‌ವಾಚ್‌ಗೆ ವರ್ಷಕ್ಕೆ 365 ಸೈಕಲ್. ಅದು ಒಂದೂವರೆ ವರ್ಷದೊಳಗೇ ಈ ಗಡಿ ದಾಟುತ್ತದೆ. ಹತ್ತು ದಿನಕ್ಕೊಮ್ಮೆ ಚಾರ್ಜ್ ಆಗುವ ಬ್ಯಾಂಡ್‌ಗೆ? ವರ್ಷಕ್ಕೆ ಸುಮಾರು 36. ಐದು ವರ್ಷ ಕಳೆದರೂ 180. ಗಡಿಯ ಹತ್ತಿರವೂ ಬಂದಿಲ್ಲ ಅಲ್ವಾ? ಆದರೂ ಸೆಲ್ ಸೊರಗಿರುತ್ತದೆ. ಅಂದರೆ ಬ್ಯಾಂಡನ್ನು ತಿನ್ನುವುದು ಚಾರ್ಜ್ ಸೈಕಲ್‌ಗಿಂತ ಜಾಸ್ತಿ ಕಾಲ. ಆ ಕಾಲಕ್ಕೆ ವೇಗ ಕೊಡುವುದು ಎರಡು: ಬಿಸಿ ಮತ್ತು ತುಂಬಿದ ಚಾರ್ಜ್.

ಸಾಮಾನ್ಯವಾಗಿ ಕೊಡುವ ಅಂದಾಜು ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, 40% ಚಾರ್ಜ್‌ನಲ್ಲಿ ಸೆಲ್ಲನ್ನು ಒಂದು ವರ್ಷ ಹಾಗೇ ಇಟ್ಟರೆ ಸುಮಾರು 96% ಸಾಮರ್ಥ್ಯ ಉಳಿಯುತ್ತದೆ. ಅದೇ ಬಿಸಿಯಲ್ಲಿ 100% ತುಂಬಿಸಿ ಇಟ್ಟರೆ ಸುಮಾರು 80%. ಇನ್ನು 40 ಡಿಗ್ರಿಯಲ್ಲಾದರೆ ಈ ಎರಡು ಸಂಖ್ಯೆಗಳು 85% ಮತ್ತು 65%. ಸೆಲ್‌ನಿಂದ ಸೆಲ್‌ಗೆ ವ್ಯತ್ಯಾಸ ಇದ್ದೇ ಇರುತ್ತದೆ. ಆದರೆ ದಿಕ್ಕು ಸ್ಪಷ್ಟ. ಪೂರ್ತಿ ತುಂಬಿಸಿ ಬಿಸಿಯಲ್ಲಿ ಇಡುವುದು ಅತಿ ಕೆಟ್ಟದ್ದು.

ಕಾರಣವೂ ಸರಳ. ಪೊರೆ ಬೆಳೆಯುವುದು ಒಂದು ರಾಸಾಯನಿಕ ಕ್ರಿಯೆ, ಬಿಸಿ ಏರಿದರೆ ಅದು ವೇಗವಾಗುತ್ತದೆ. ಚಾರ್ಜ್ ತುಂಬಿದಾಗ ಸೆಲ್‌ನ ವೋಲ್ಟೇಜ್ 4.2ರಷ್ಟು ಅಥವಾ ಅದಕ್ಕಿಂತ ಮೇಲಿರುತ್ತದೆ. ಆಗ ಎರಡೂ ತುದಿಗಳಲ್ಲಿ ದ್ರಾವಣ ಒಡೆಯುವ ಒತ್ತಡ ಜಾಸ್ತಿ. ಇನ್ನೊಂದು ವಿಷಯ: ಕೈಗೆ ಕಟ್ಟಿಕೊಂಡ ಬ್ಯಾಂಡ್ ಹಗಲೂ ರಾತ್ರಿ ಚರ್ಮದ ಬಿಸಿಯಲ್ಲೇ ಇರುತ್ತದೆ. ಅದು ಬಹುಪಾಲು 30 ಡಿಗ್ರಿಗಿಂತ ಮೇಲೆ. ಇದನ್ನು ತಪ್ಪಿಸಲು ಆಗದು. ಬಿಸಿಲಿಗೆ ನಿಂತ ಕಾರಿನೊಳಗೆ ಬಿಟ್ಟುಹೋಗುವುದನ್ನು ತಪ್ಪಿಸಬಹುದು.

18% ಇದ್ದದ್ದು ಒಮ್ಮೆಲೇ ಆಫ್

ಹಳೆಯ ಬ್ಯಾಂಡ್ ಇರುವವರಿಗೆ ಇದು ಗೊತ್ತು. ಚಳಿಯ ಬೆಳಗ್ಗೆ, ಪರದೆಯಲ್ಲಿ 18% ತೋರಿಸುತ್ತಿದೆ. ಅಲಾರಂ ಹೊಡೆಯುತ್ತದೆ, ಬ್ಯಾಂಡ್ ಒಮ್ಮೆ ಗುರ್ ಎಂದು ನಡುಗುತ್ತದೆ, ಪರದೆ ಕಪ್ಪಾಗುತ್ತದೆ. ಚಾರ್ಜರ್‌ಗೆ ಹಾಕಿದರೆ ಮತ್ತೆ ಜೀವ ಬರುತ್ತದೆ. ಚಾರ್ಜ್ ಇತ್ತು ತಾನೇ, ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಸೆಲ್ ಹಳೆಯದಾದಂತೆ ಸಾಮರ್ಥ್ಯ ಇಳಿಯುವುದರ ಜೊತೆಗೆ ಅದರ ಒಳರೋಧವೂ, ಅಂದರೆ ಸೆಲ್ ಒಳಗೇ ಕರೆಂಟಿಗೆ ಆಗುವ ಅಡ್ಡಿಯೂ, ಏರುತ್ತದೆ. ಓಮ್‌ನ ನಿಯಮ (ವೋಲ್ಟೇಜ್ ಇಳಿಕೆ ಅಂದರೆ ಕರೆಂಟು × ರೋಧ) ಹಾಕಿ ನೋಡೋಣ. ಲೆಕ್ಕಕ್ಕೆ ಅಂತ, ಸೆಲ್‌ನ ವೋಲ್ಟೇಜ್ ಆ ಹೊತ್ತಿಗೆ 3.6 ಇರಲಿ. ವೋಲ್ಟೇಜ್ 3.3ಕ್ಕೆ ಇಳಿದರೆ ಬ್ಯಾಂಡ್ ಆಫ್ ಆಗಲಿ. ಮೋಟಾರ್, ಪರದೆ, ಸೆನ್ಸರ್ ಎಲ್ಲ ಸೇರಿ ಕ್ಷಣಕಾಲ 150 ಮಿಲಿಆಂಪ್ ಎಳೆಯಲಿ. ಹೊಸ ಸೆಲ್‌ನ ಒಳರೋಧ 0.5 ಓಮ್ ಇದ್ದರೆ ಇಳಿಕೆ 0.15 × 0.5, ಅಂದರೆ 0.075 ವೋಲ್ಟ್. ಏನೂ ಆಗುವುದಿಲ್ಲ. ಹಳೆಯ ಸೆಲ್‌ನ ರೋಧ 2 ಓಮ್ ಆಗಿದ್ದರೆ ಇಳಿಕೆ 0.3 ವೋಲ್ಟ್. 3.6ರಿಂದ ನೇರ 3.3ಕ್ಕೆ. ಕಥೆ ಮುಗಿಯಿತು. ಚಳಿಯಲ್ಲಿ ರೋಧ ಇನ್ನೂ ಏರುವುದರಿಂದ ಇದು ಬೆಳಗಿನ ಹೊತ್ತೇ ಜಾಸ್ತಿ ಕಾಣಿಸುತ್ತದೆ.

ಹಾಗಾಗಿ "ಇದ್ದಕ್ಕಿದ್ದಂತೆ ಆಫ್ ಆಗುತ್ತದೆ" ಅನ್ನುವುದು ಕೊಡದ, ಅಂದರೆ ಸೆಲ್‌ನದ್ದೇ ದೋಷದ ಲಕ್ಷಣ. "ಬೇಗ ಬೇಗ ಇಳಿಯುತ್ತದೆ, ಆದರೆ 3%ವರೆಗೂ ನಡೆಯುತ್ತದೆ" ಅನ್ನುವುದು ಹೆಚ್ಚಾಗಿ ತೂತಿನ ಲಕ್ಷಣ.

ಖರ್ಚು ಎಲ್ಲಿ ಏರಿರಬಹುದು

ಹೃದಯ ಬಡಿತ ಅಳೆಯುವ ಹಸಿರು ದೀಪ ಮೊದಲ ಅನುಮಾನಿತ. ಹತ್ತು ನಿಮಿಷಕ್ಕೊಮ್ಮೆ ಅಳೆಯುವುದಕ್ಕೂ ಸದಾ ಅಳೆಯುವುದಕ್ಕೂ ಭಾರೀ ವ್ಯತ್ಯಾಸ. ನಿದ್ದೆಯಲ್ಲಿ ರಕ್ತದ ಆಮ್ಲಜನಕ ನೋಡುವ ಕೆಂಪು ಮತ್ತು ಇನ್‌ಫ್ರಾರೆಡ್ ದೀಪಗಳು ಎರಡನೆಯವು. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಈ ಸೆಟ್ಟಿಂಗ್‌ಗಳು ಮೊದಲಿನಂತೆಯೇ ಇವೆಯೇ ಎಂದು ಒಮ್ಮೆ ನೋಡಿ.

ಹೆಚ್ಚು ಜನ ಗಮನಿಸದ ಒಂದು ವಿಷಯ ಇದೆ. ಹಲವು ಸಾಧನಗಳು ಸಿಗ್ನಲ್ ಸರಿಯಾಗಿ ಸಿಗದಿದ್ದರೆ ದೀಪದ ಬೆಳಕನ್ನು ತಾವೇ ಹೆಚ್ಚಿಸುತ್ತವೆ. ಬ್ಯಾಂಡ್‌ನ ಹಿಂಬದಿಯ ಗಾಜು ಬೆವರು, ಎಣ್ಣೆ, ಗೀರುಗಳಿಂದ ಮಸುಕಾಗಿದ್ದರೆ, ಪಟ್ಟಿ ಸಡಿಲವಾಗಿದ್ದರೆ, ಪ್ರತಿ ಅಳತೆಗೂ ಖರ್ಚು ಏರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪಟ್ಟಿಯನ್ನು ಒಂದು ತೂತು ಬಿಗಿ ಮಾಡುವುದು ದುಡ್ಡಿಲ್ಲದ ಪರಿಹಾರ.

ಉಳಿದವು ಗೊತ್ತಿರುವಂಥವೇ: ಸದಾ ಉರಿಯುವ ಪರದೆ, ಕೈ ಎತ್ತಿದಾಗಲೆಲ್ಲ ಬೆಳಗುವ ಪರದೆ, ಪ್ರತಿ ಮೆಸೇಜ್‌ಗೂ ನಡುಗುವ ಮೋಟಾರ್. ಜಿಪಿಎಸ್ ಇದ್ದರಂತೂ ಅದರದ್ದೇ ದೊಡ್ಡ ಪಾಲು. ಹೆಜ್ಜೆ ಎಣಿಸುವ ಸೆನ್ಸರ್ ಮಾತ್ರ ತುಂಬಾ ಮಿತವ್ಯಯಿ. ಅದನ್ನು ಆಫ್ ಮಾಡಿ ಉಳಿಸಲು ಏನೂ ಇಲ್ಲ.

ಎರಡು ಪರೀಕ್ಷೆ

ಮೊದಲನೆಯದು: ಮೇಲೆ ಹೇಳಿದ್ದೆಲ್ಲವನ್ನೂ ಆಫ್ ಮಾಡಿ, ಬರೀ ಹೆಜ್ಜೆ ಎಣಿಕೆ ಮತ್ತು ಗಡಿಯಾರ ಉಳಿಸಿ. 90%ರಿಂದ ಶುರುಮಾಡಿ ಎರಡು ದಿನ ಬಳಸಿ. ದಿನಕ್ಕೆ 25% ಇಳಿಯುತ್ತಿದ್ದದ್ದು 6%ಕ್ಕೋ 7%ಕ್ಕೋ ಬಂದರೆ ಸೆಲ್ ಪರವಾಗಿಲ್ಲ, ಖರ್ಚೇ ಏರಿತ್ತು. ಒಂದೊಂದನ್ನೇ ಮತ್ತೆ ಆನ್ ಮಾಡುತ್ತಾ ಹೋದರೆ ಕಳ್ಳ ಸಿಗುತ್ತಾನೆ. ಎಲ್ಲ ಆಫ್ ಮಾಡಿದರೂ 20% ಇಳಿಯುತ್ತಿದ್ದರೆ ಸೆಲ್ ಸವೆದಿರುವ ಸಾಧ್ಯತೆ ಜಾಸ್ತಿ. ಶೇಕಡಾ ಲೆಕ್ಕ ತುದಿಗಳಲ್ಲಿ ಏರುಪೇರಾಗುವುದು ಜಾಸ್ತಿ, ಅದಕ್ಕೇ 100% ಮತ್ತು 10%ರ ಹತ್ತಿರದ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಎರಡನೆಯದು ನನಗೆ ತುಂಬಾ ಇಷ್ಟವಾದ ಪರೀಕ್ಷೆ: 20%ರಿಂದ 80%ಕ್ಕೆ ಚಾರ್ಜ್ ಆಗಲು ಎಷ್ಟು ನಿಮಿಷ ಬೇಕು ಎಂದು ಬರೆದಿಡಿ. ಈ ಭಾಗದಲ್ಲಿ ಚಾರ್ಜಿಂಗ್ ಕರೆಂಟು ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಕೊಡ ಚಿಕ್ಕದಾದರೆ ಬೇಗ ತುಂಬುತ್ತದೆ. ಬ್ಯಾಂಡ್ ಹೊಸದಿದ್ದಾಗಲೇ ಈ ಸಂಖ್ಯೆ ಬರೆದಿಟ್ಟವರಿಗೆ ಮುಂದೆ ಹೋಲಿಸಲು ಇದಕ್ಕಿಂತ ಸುಲಭದ ಅಳತೆ ಇಲ್ಲ. "ಈಗ ಬೇಗ ಚಾರ್ಜ್ ಆಗುತ್ತೆ" ಅಂತ ಖುಷಿಪಡುವ ವಿಷಯ ಇದಲ್ಲ. ಕೊನೆಯ 10% ಮಾತ್ರ ಹಳೆಯ ಸೆಲ್‌ನಲ್ಲಿ ಎಳೆದಾಡುತ್ತದೆ, ಒಳರೋಧ ಏರಿರುವುದರಿಂದ.

ಸೆಲ್ ಅಂದುಕೊಂಡದ್ದು ಕೊಳೆಯಾಗಿರಬಹುದು

ಚಾರ್ಜೇ ಆಗುತ್ತಿಲ್ಲ ಅಂದರೆ ಮೊದಲು ಬ್ಯಾಂಡ್‌ನ ಹಿಂಬದಿ ನೋಡಿ. ಅಲ್ಲಿರುವ ಎರಡೋ ನಾಲ್ಕೋ ಲೋಹದ ಚುಕ್ಕೆಗಳ ಮೇಲೆ ಬೆವರಿನ ಉಪ್ಪು ಒಣಗಿ ಕೂತಿರುತ್ತದೆ. ಕೆಲವೊಮ್ಮೆ ಹಸಿರು ಬಣ್ಣದ ಕಿಲುಬು ಹಿಡಿದಿರುತ್ತದೆ. ಚಾರ್ಜರ್ ಕಡೆಯ ಪುಟ್ಟ ಸ್ಪ್ರಿಂಗ್ ಪಿನ್‌ಗಳನ್ನೂ ಬೆರಳಿಂದ ಒತ್ತಿ ನೋಡಿ, ಒಂದು ಒಳಗೇ ಸಿಕ್ಕಿಕೊಂಡಿರಬಹುದು. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಒದ್ದೆ ಬ್ಯಾಂಡನ್ನು ಚಾರ್ಜರ್‌ಗೆ ಹಾಕಿದರೆ ಬೆವರಿನ ನೀರಿನ ಮೂಲಕ ಕರೆಂಟು ಹರಿದು ಆ ಲೋಹವನ್ನೇ ತಿಂದುಹಾಕುತ್ತದೆ. ವ್ಯಾಯಾಮ ಮುಗಿಸಿದ ಕೂಡಲೇ ಚಾರ್ಜ್‌ಗೆ ಇಡುವವರು ಇದನ್ನು ಗಮನಿಸಿ.

ಇನ್ನಷ್ಟು ವರ್ಷ ಬರಬೇಕೆಂದರೆ

ರಾತ್ರಿಯಿಡೀ ಚಾರ್ಜರ್‌ನಲ್ಲಿ ಬಿಡಬೇಡಿ. ಸ್ನಾನಕ್ಕೆ ಹೋದಾಗಲೋ ಓದಲು ಕೂತಾಗಲೋ ಸ್ವಲ್ಪ ಹೊತ್ತು ಹಾಕಿ, 80%ರ ಸುತ್ತಮುತ್ತ ತೆಗೆದರೆ ಸಾಕು. ಪೂರ್ತಿ ಖಾಲಿಯಾಗುವವರೆಗೂ ಕಾಯಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ, ಲಿಥಿಯಂ ಗ್ರಾಫೈಟ್ ಒಳಗೆ ಹೋಗದೆ ಮೇಲೇ ಲೋಹವಾಗಿ ಕೂರುತ್ತದೆ.

ಕೆಲವು ತಿಂಗಳು ಬಳಸುವುದಿಲ್ಲ ಎಂದರೆ ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ, ತಂಪಾದ ಕಡೆ ಇಡಿ. ನಡುವೆ ಒಮ್ಮೆ ನೋಡಿ. ಖಾಲಿಯಾದ ಸೆಲ್ ಹಾಗೇ ಬಿದ್ದಿದ್ದು ಅದರ ವೋಲ್ಟೇಜ್ ತೀರಾ ಕುಸಿದರೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಅಂಥ ಸೆಲ್ಲನ್ನು ಮತ್ತೆ ಚಾರ್ಜ್ ಮಾಡುವುದೂ ಅಪಾಯ.

ಬದಲಿಸುವುದು, ಬಿಟ್ಟುಬಿಡುವುದು

ಹೆಚ್ಚಿನ ಬ್ಯಾಂಡ್‌ಗಳನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಬಿಚ್ಚಿ ಸೆಲ್ ಬದಲಿಸಲು ಆಗುತ್ತದೆ, ಆದರೆ ಅಂಟು ಬಿಟ್ಟ ಮೇಲೆ ನೀರು ತಡೆಯುವ ಗುಣವನ್ನು ನಂಬುವಂತಿಲ್ಲ. ಅಂಥ ಬ್ಯಾಂಡ್ ಕಟ್ಟಿಕೊಂಡು ಈಜಬೇಡಿ. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ಕಾನೂನು 2027ರ ಫೆಬ್ರವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕು ಎನ್ನುತ್ತದೆ. ಮುಖ್ಯವಾಗಿ ನೀರಿನಲ್ಲೇ ಬಳಸುವ ಸಾಧನಗಳಿಗೆ ಅದರಲ್ಲಿ ವಿನಾಯಿತಿಯೂ ಇದೆ.

ಪರದೆ ಒಂದು ಅಂಚಿನಲ್ಲಿ ಮೇಲೆದ್ದಿದ್ದರೆ ಇಷ್ಟು ಹೊತ್ತು ಹೇಳಿದ ಯಾವ ಲೆಕ್ಕವೂ ಬೇಡ. ಒಳಗೆ ಅನಿಲ ಸೇರಿ ಸೆಲ್ ಊದಿಕೊಂಡಿದೆ. ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಕೈಯಿಂದ ಬಿಚ್ಚಿ, ಬೆಂಕಿ ಹತ್ತುವ ವಸ್ತುಗಳಿಂದ ದೂರ ಇಡಿ. ಬ್ಯಾಂಡ್ ಮೈಗೆ ಅಂಟಿಕೊಂಡೇ ಇರುವ ವಸ್ತುವಾದ್ದರಿಂದ ಸುಟ್ಟರೆ ಮೊದಲು ಸುಡುವುದು ಚರ್ಮ. 2022ರ ಮಾರ್ಚ್‌ನಲ್ಲಿ ಫಿಟ್‌ಬಿಟ್ ತನ್ನ ಅಯಾನಿಕ್ ವಾಚ್‌ಗಳನ್ನು ಹಿಂದಕ್ಕೆ ಕರೆಸಿದ್ದು ಬ್ಯಾಟರಿ ಬಿಸಿಯಾಗಿ ಸುಟ್ಟಗಾಯ ಆಗುವ ಅಪಾಯದಿಂದಲೇ. ಮಾರಾಟವಾಗಿದ್ದದ್ದು ಸುಮಾರು 17 ಲಕ್ಷ. ಊದಿದ ಬ್ಯಾಂಡನ್ನು ಮನೆಯ ಕಸಕ್ಕೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುವಾಗ ಬ್ಯಾಟರಿ ಊದಿದೆ ಎಂದು ಬಾಯಿಬಿಟ್ಟು ಹೇಳಿ.