ಅಜ್ಜನ ಜಾತ್ರೆಯ ಮ್ಯಾಜಿಕ್ ಸ್ಲೇಟು

"ಒಳಗ ಏನೈತಿ, ತೆಗದ್ ಹೇಳ್ರಿ ಡಾಕ್ಟ್ರೇ." ಕೊಪ್ಪಳದ ನನ್ನ ಕೋಣೆಗೆ ಬರುವ ಬಹಳ ಜನ ಮಾತು ಶುರು ಮಾಡುವುದೇ ಹೀಗೆ. (ನಾನು ಡಾಕ್ಟರ್ ಅಲ್ಲ, ಆಪ್ತಸಮಾಲೋಚಕ. ಹೇಳಿ ಹೇಳಿ ಸಾಕಾಗಿದೆ.) ಮನಸ್ಸಿನ ತಳದಲ್ಲಿ ಒಂದು ಟ್ರಂಕು, ಅದರಲ್ಲಿ ಹಳೆಯ ಸತ್ಯ ಮಡಿಕೆ ಕೆಡದೆ ಕೂತಿದೆ, ಕೀಲಿ ನನ್ನ ಹತ್ತಿರ ಇದೆ ಅಂತ ಅವರ ನಂಬಿಕೆ. ಮಾತಿನ ಮೂಲಕ ಮನಸ್ಸಿನ ತಳ ಹುಡುಕುವ ಮನೋವಿಶ್ಲೇಷಣೆಯನ್ನು ಕಟ್ಟಿದ ಫ್ರಾಯ್ಡ್‌ನನ್ನು ಅಷ್ಟಿಷ್ಟು ಓದಿಕೊಂಡವರಲ್ಲಿ ಇದು ಇನ್ನೂ ಜಾಸ್ತಿ.

ಅದೇ ಫ್ರಾಯ್ಡ್ 1925ರಲ್ಲಿ ಮನಸ್ಸು ನೆನಪು ಉಳಿಸಿಕೊಳ್ಳುವ ಬಗೆಯನ್ನು ಮ್ಯಾಜಿಕ್ ಸ್ಲೇಟಿಗೆ ಹೋಲಿಸಿ ಒಂದು ಪುಟ್ಟ ಲೇಖನ ಪ್ರಕಟಿಸಿದ. ಇಲ್ಲಿಯ ಗವಿಮಠದ ಅಜ್ಜನ ಜಾತ್ರೆಯಿಂದ ಮಗಳಿಗೆ ಅಂಥದ್ದೇ ಒಂದು ತಂದಿದ್ದೆ. ಕಡ್ಡಿಯಿಂದ ಗೀಚಿ ಹಾಳೆ ಎತ್ತಿದರೆ ಅಕ್ಷರ ಮಾಯ. ಆದರೆ ಕೆಳಗಿನ ಮೇಣವನ್ನು ಬೆಳಕಿಗೆ ವಾರೆ ಹಿಡಿದರೆ ಗೀರು ಕಾಣುತ್ತದೆ. "ಅಮ್ಮ"ನ ಮೇಲೆ ಬೆಕ್ಕು, ಬೆಕ್ಕಿನ ಮೇಲೆ ಕೂಡುವ ಲೆಕ್ಕ. ಯಾವ ಗೀರು ಯಾವುದರದ್ದು ಅಂತ ಬರೆದವಳಿಗೇ ಗೊತ್ತಾಗಲಿಲ್ಲ.

1966ರಲ್ಲಿ ಪ್ಯಾರಿಸ್‌ನ ಮನೋವಿಶ್ಲೇಷಕರ ಮುಂದೆ ಮಾತಾಡಿದ ಫ್ರೆಂಚ್ ತತ್ವಜ್ಞಾನಿ ದೆರಿದಾ ಕೈಗೆತ್ತಿಕೊಂಡದ್ದು ಈ ಸ್ಲೇಟನ್ನೇ. ನನಗೆ ತಿಳಿದ ಮಟ್ಟಿಗೆ ಅವನ ಮಾತು ಇಷ್ಟು: ತಳದಲ್ಲಿ ಮೂಲಪ್ರತಿ ಅಂತ ಒಂದಿಲ್ಲ. ಇರುವುದು ಗೀರು. ಅರ್ಥ ಕೂಡುವುದು ಆಮೇಲೆ. ಆ "ಆಮೇಲೆ" ಕೂಡ ಫ್ರಾಯ್ಡ್‌ನಿಂದಲೇ ಪಡೆದದ್ದು.   

ಒಬ್ಬ ಶಿಕ್ಷಕಿ ಬರುತ್ತಿದ್ದರು. ವಿವರ ಬದಲಿಸಿದ್ದೇನೆ. ಎಂಟನೇ ವಯಸ್ಸಿಗೆ ಅಪ್ಪ ಹಾಸ್ಟೆಲ್ ಗೇಟಿನಲ್ಲಿ ಬಿಟ್ಟು, ತಿರುಗಿಯೂ ನೋಡದೆ ಬಸ್ಸಿಗೆ ಓಡಿದ್ದನಂತೆ. ಮೂವತ್ತು ವರ್ಷ ಅದನ್ನು ನಗುತ್ತಲೇ ಹೇಳಿಕೊಂಡು ಬಂದವರು. ತಮ್ಮ ಮಗನನ್ನು ಹಾಸ್ಟೆಲಿಗೆ ಬಿಟ್ಟ ದಿನ ರಾತ್ರಿ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಆ ನೋವು ಎಂಟರದ್ದೋ ಮೂವತ್ತೆಂಟರದ್ದೋ? ನನ್ನನ್ನು ಕೇಳಿದರೆ, ಎರಡೂ ಒಂದಕ್ಕೊಂದು ತಾಗಿದಾಗ ಹುಟ್ಟಿದ್ದು.

ಹಾಗಂತ ಬಾಯಿಗೆ ಬಂದ ಅರ್ಥ ಹಚ್ಚುವುದೇ ನಿರಚನವಾದ (ದೆರಿದಾನ ಈ ಓದುವ ಬಗೆಗೆ ಇರುವ ಹೆಸರು) ಅಂದುಕೊಳ್ಳಬೇಡಿ. ಕಾಲೇಜು ಹುಡುಗರು ಹೀಗೆ ಅಂದಾಗ ನನಗೆ ಸಿಟ್ಟು ಬರುತ್ತದೆ. ಗೀರಿಲ್ಲದ ಕಡೆ ನಾನು ಗೀಚುವಂತಿಲ್ಲ. ಅಪ್ಪನಿಗೆ ಪ್ರೀತಿ ಇತ್ತು ಅಂತಲೋ ಇರಲಿಲ್ಲ ಅಂತಲೋ ತೀರ್ಪು ಕೊಡುವ ಕೆಲಸವೂ ನನ್ನದಲ್ಲ. ಸುಮ್ನೆ ಕೂತು ಕೇಳಿದೆ. ಆರನೇ ಸಲ ಬಂದಾಗ ಅವರೇ ಅಂದರು: "ಅಪ್ಪ ತಿರುಗಿ ನೋಡಿದ್ನೋ ಏನೋ ಸರ್. ನಾನು ತಲಿ ಎತ್ತಿರ್ಲಿಲ್ಲ."